ಓಣಿಯೊಳಗೊಂದು 26 ಅಡಿ ದೋಣಿ

ಧಾರವಾಡದ ಸಪ್ತಾಪುರದಲ್ಲಿ ಮನೆ ಇದ್ದವರಿಗೆ ಒಂದು ಕಾಟ ಇದೆ. ಬಾಗಿಲ ಮುಂದೆ ನಾಲ್ಕು ಜೋಡಿ ಚಪ್ಪಲಿ ಕಂಡರೆ ಸಾಕು, ಯಾರಾದರೂ ಬಂದು ‘ಯಾವ ಕೋಚಿಂಗ್‌ರೀ, ಫೀ ಎಷ್ಟರೀ?’ ಅಂತ ಕೇಳ್ತಾರೆ. ಈ ಬೇಸಿಗೆಯಲ್ಲಿ ನನ್ನನ್ನೂ ಕೇಳಿದರು. ಪಿಯು ಮೊದಲ ವರ್ಷ ಮುಗಿಸಿದ ಹತ್ತು ಮಕ್ಕಳು ಭಾನುವಾರ ಬೆಳಿಗ್ಗೆ ನಮ್ಮ ಮನೆಗೆ ಬರುತ್ತಿದ್ದರು. ಫೀ ಇಲ್ಲ, ಪರೀಕ್ಷೆ ಇಲ್ಲ, ಸುಮ್ನೆ ಒಂದು ಕಾದಂಬರಿ ಓದ್ತೀವಿ ಅಂದರೆ ಯಾರೂ ನಂಬಲಿಲ್ಲ. ಒಬ್ಬ ಹುಡುಗನ ತಂದೆ ಫೋನ್ ಮಾಡಿದರು. ‘ಮೇಡಂ, ಇದು ಸಿಇಟಿಗೆ ಬರ್ತದೇನ್ರಿ?’ ಬರೋದಿಲ್ಲ ಅಂದೆ. ಮುಂದಿನ ವಾರದಿಂದ ಒಂಬತ್ತೇ ಮಕ್ಕಳು.

ಕಾದಂಬರಿ ‘ಲೈಫ್ ಆಫ್ ಪೈ’. ಕೆನಡಾದ ಯಾನ್ ಮಾರ್ಟೆಲ್ ಬರೆದದ್ದು. 2001ರಲ್ಲಿ ಬಂತು, ಮರುವರ್ಷ ಬೂಕರ್ ಪ್ರಶಸ್ತಿ ಸಿಕ್ಕಿತು. ಓದಬೇಕು ಅಂತಿರುವವರು ಮೊದಲು ಅದನ್ನು ಓದಿ ಬನ್ನಿ, ನಾನು ಇಲ್ಲಿ ಕೊನೆಯನ್ನೂ ಹೇಳಿಬಿಡ್ತೀನಿ. ಇದನ್ನೇ ಆರಿಸಿದ್ದಕ್ಕೆ ನನ್ನದೊಂದು ಲೆಕ್ಕಾಚಾರ ಇತ್ತು. ನಾಯಕನ ಪಯಣ ಅಂತ ಸಾಹಿತ್ಯದವರು ಹೇಳುತ್ತಾರಲ್ಲ, ಅದನ್ನೂ ಕಲಿಸಬಹುದು, ಲೋಕದ ಧರ್ಮಗಳ ಬಗ್ಗೆಯೂ ಮಾತಾಡಬಹುದು. ಸುಭಾಸ ರಸ್ತೆಯ ಅಂಗಡಿಯಲ್ಲಿ ಹೇಳಿ ನಾಲ್ಕು ಪ್ರತಿ ತರಿಸಿದೆ. ಇಂಗ್ಲಿಷಿನಲ್ಲಿ ಓದುವುದು, ಕನ್ನಡದಲ್ಲಿ ಜಗಳ ಮಾಡುವುದು.

ಮೊದಲ ದಿನ ಹೆಸರಿನ ಮೇಲೇ ಅರ್ಧ ಗಂಟೆ ಹೋಯಿತು. ‘ಪೈ ಅಂದ್ರ ಕೊಂಕಣಿ ಮಂದಿ ಏನ್ರಿ?’ ಅಂತ ಒಬ್ಬಳು. ‘ಮುಂದ ಪಟೇಲ ಅಂತ ಅದ ನೋಡ. ಪೈನೂ ಅಂವನ, ಪಾಟೀಲನೂ ಅಂವನ’ ಅಂತ ಇನ್ನೊಬ್ಬ. ಹುಡುಗನ ನಿಜವಾದ ಹೆಸರು ಪಿಸೀನ್, ಪ್ಯಾರಿಸ್ಸಿನ ಒಂದು ಈಜುಕೊಳದ ಹೆಸರು. ಶಾಲೆಯ ಹುಡುಗರು ಅದನ್ನು ಉಚ್ಚೆಗೆ ತಿರುಗಿಸಿ ಕಾಡಿಸುತ್ತಾರೆ. ಅವನು ಬೋರ್ಡಿನ ಮೇಲೆ ಗಣಿತದ ಪೈ ಬರೆದು ‘ಇನ್ನು ಮೇಲೆ ನಾನು ಇದು’ ಅನ್ನುತ್ತಾನೆ. ಇದನ್ನು ನಾನು ವಿವರಿಸಬೇಕಾಗಲಿಲ್ಲ. ಕಾಡಿಸೋ ಹೆಸರು ಎಲ್ಲ ಮಕ್ಕಳಿಗೂ ಇತ್ತು.

ಎರಡನೇ ವಾರ ದೊಡ್ಡ ಡ್ರಾಯಿಂಗ್ ಶೀಟಿನಲ್ಲಿ ಒಂದು ಗುಂಡು ಚಕ್ರ ಬರೆದು ಗೋಡೆಗೆ ಅಂಟಿಸಿದೆ. ಜೋಸೆಫ್ ಕ್ಯಾಂಪ್‌ಬೆಲ್ ಅನ್ನುವ ಅಮೆರಿಕದ ಪಂಡಿತ 1949ರ ತನ್ನ ಪುಸ್ತಕದಲ್ಲಿ ಹೇಳಿದ್ದು ಇಷ್ಟು: ಜಗತ್ತಿನ ವೀರರ ಕತೆಗಳ ಹಿಂದೆ ಒಂದೇ ದಾರಿ ಇದೆ. ಮನೆ ಬಿಡುವುದು, ಪರೀಕ್ಷೆಗೆ ಬೀಳುವುದು, ಏನನ್ನೋ ಪಡೆದು ತಿರುಗಿ ಬರುವುದು. ಇದರೊಳಗೆ 17 ಮೆಟ್ಟಿಲು. ಆಮೇಲೆ ಹಾಲಿವುಡ್ಡಿನ ಕ್ರಿಸ್ಟೋಫರ್ ವೋಗ್ಲರ್ ಅದನ್ನು 12ಕ್ಕೆ ಇಳಿಸಿದರು. ನಾನು ಆ 12 ಮನೆಗಳನ್ನೇ ಬರೆದೆ. ಬುದ್ಧನ ಕತೆಯನ್ನು ಕ್ಯಾಂಪ್‌ಬೆಲ್ಲೇ ಉದಾಹರಣೆಗೆ ತಗೊಂಡಿದ್ದಾರೆ, ಅದು ಚೆನ್ನಾಗಿ ಕೂತಿತು. ರಾಮ ಕೂತ. ಪಾಂಡವರು ಕೂತರು. ಮಕ್ಕಳು ಹೇಳಿದ ಸಿನಿಮಾಗಳೂ ಕೂತವು. ನನಗೆ ಅಲ್ಲೇ ಸ್ವಲ್ಪ ಅನುಮಾನ ಬಂತು. ಬಸ್ ಸ್ಟ್ಯಾಂಡ್ ಪಕ್ಕದ ಲಾಡ್ಜಿನ ಹಾಗೆ ಇದು, ಯಾರು ಬಂದರೂ ರೂಮ್ ಖಾಲಿ ಇರುತ್ತದೆ.

ಪೈಗೂ ರೂಮ್ ಸಿಕ್ಕಿತು. ಅಪ್ಪನ ಮೃಗಾಲಯ ಮುಚ್ಚಿ ಕೆನಡಾಕ್ಕೆ ಹೊರಡುತ್ತಾರೆ, ಹಡಗು ಮುಳುಗುತ್ತದೆ, ಹುಡುಗ ಲೈಫ್‌ಬೋಟಿನಲ್ಲಿ ಉಳಿಯುತ್ತಾನೆ. ಜೊತೆಗೆ ರಿಚರ್ಡ್ ಪಾರ್ಕರ್ ಅನ್ನುವ ಬಂಗಾಳದ ಹುಲಿ. ಗಾಡಿ ನಿಂತದ್ದು ಈ ಹುಲಿಯ ಹತ್ತಿರ. ಯಾವ ಮನೆಗೆ ಹಾಕಬೇಕು? ‘ವೈರಿ’ ಅಂದರು ಮೂವರು. ‘ಜೊತೆಗಾರ’ ಅಂದರು ಇನ್ನಿಬ್ಬರು. ಕೆಲಗೇರಿಯಿಂದ ಬರುವ ಹುಡುಗ ‘ಗುರು ರೀ’ ಅಂದ. ಉಳಿದವರು ನಕ್ಕರು. ‘ಅಂಜಿಕಿ ಇದ್ದದ್ದಕ್ಕ ಅಂವಾ ಜೀವಂತ ಉಳದ. ಹುಲಿ ಇರದಿದ್ರ ಸುಮ್ನ ಮಲಗಿ ಸಾಯ್ತಿದ್ದ. ನಮ್ಮ ಗಣಿತದ ಸರ್ ಹಂಗ.’ ಕಾದಂಬರಿಯಲ್ಲಿ ಪೈ ಕೂಡ ಸುಮಾರು ಇದನ್ನೇ ಹೇಳುತ್ತಾನೆ, ಹುಡುಗ ಇನ್ನೂ ಆ ಪುಟಕ್ಕೆ ಬಂದಿರಲಿಲ್ಲ.

ದೋಣಿಯ ಅಳತೆ ಪುಸ್ತಕದಲ್ಲಿ ಖಚಿತವಾಗಿ ಇದೆ: 26 ಅಡಿ ಉದ್ದ, 8 ಅಡಿ ಅಗಲ, ಮೂರೂವರೆ ಅಡಿ ಆಳ. ನಮ್ಮ ಮಾಳಿಗೆಯ ಮೇಲೆ ಬರೆಯೋಣ ಅಂದರೆ ಮಾಳಿಗೆಯೇ ಸಾಲಲಿಲ್ಲ. ಟೇಪು, ರಂಗೋಲಿ ಡಬ್ಬಿ ಹಿಡಿದು ಎಲ್ಲರೂ ಓಣಿಗೆ ಇಳಿದೆವು. ಎದುರು ಮನೆಯ ಕಾಕು ಹೊರಗೆ ಬಂದು, ‘ಇದೇನ ಹಬ್ಬರೀ, ಇಷ್ಟ ದೊಡ್ಡ ರಂಗೋಲಿ?’ ಅಂದರು. ‘ದೋಣಿರೀ’ ಅಂದೆ. ‘ಧಾರವಾಡದಾಗ?’ ಅಂತ ಒಳಗೆ ಹೋದರು. ಈ ಕಡೆ ತುದಿಗೆ ಒಬ್ಬಳು ಪೈ ಆಗಿ ನಿಂತಳು. ಕಾದಂಬರಿಯ ದೋಣಿಯಲ್ಲಿ ಮೊದಲಿಗೆ ಬೇರೆ ಪ್ರಾಣಿಗಳೂ ಇರುತ್ತವೆ, ಅವೂ ಬಂದವು: ಒಬ್ಬ ಕಾಲು ಮುರಿದ ಜೀಬ್ರಾ, ಒಬ್ಬ ಕತ್ತೆಕಿರುಬ, ಒಬ್ಬಳು ಒರಾಂಗುಟಾನ್. ಹುಲಿ ಆ ತುದಿಗೆ ಕೂತ. ಓದುವಾಗ 26 ಅಡಿ ದೊಡ್ಡದು ಅನ್ನಿಸಿತ್ತು. ಪೈ ಆದವಳು ಹುಲಿಯನ್ನು ನೋಡಿ, ‘ಮಿಸ್, ಇಂವಾ ಒಂದ ಸಲ ಜಿಗದ್ರ ಮುಗೀತ್ರಿ’ ಅಂದಳು. ಇದರೊಳಗೆ 227 ದಿನ. ಹಾಲಿನವರ ಬೈಕು ಬಂತು, ದೋಣಿಯ ಮೇಲೆ ಹಾಯಿಸಲೋ ಬೇಡವೋ ಅಂತ ಒಂದು ಗಳಿಗೆ ನಿಂತು, ಬದಿಗೆ ಹಿಡಿದು ಹೋಯಿತು.

ಧರ್ಮಗಳ ಪಾಠ ಮಾತ್ರ ನಾನು ಕೆಡಿಸಿದೆ. ಆರು ಕಾಲಮ್ಮಿನ ಒಂದು ಕೋಷ್ಟಕ ಮಾಡಿ ಕೊಟ್ಟೆ: ಸ್ಥಾಪಕರು, ಗ್ರಂಥ, ಪ್ರಾರ್ಥನೆಯ ಜಾಗ, ಹೀಗೆ. ಹಿಂದೂ ಧರ್ಮದ ಮುಂದೆ ಸ್ಥಾಪಕರ ಮನೆ ಖಾಲಿ. ‘ನಾವು ಲಿಂಗಾಯತರು ಯಾವ ಸಾಲಿನಾಗ ಬರ್ತೀವ್ರಿ?’ ಅಂತ ಒಬ್ಬಳು ಕೇಳಿದಳು. ಚಹಾ ಮಾಡಿ ಬರ್ತೀನಿ ಅಂತ ಎದ್ದು ಹೋದೆ. ಸುಳ್ಳೇಕೆ, ಹೆದರಿಕೆಯಾಯಿತು.

ಕೋಷ್ಟಕ ಬದಿಗಿಟ್ಟು ಪುಟಕ್ಕೇ ಹೋದೆವು. ಪೈ ಹುಟ್ಟಿನಿಂದ ಹಿಂದೂ. ಮುನ್ನಾರಿನಲ್ಲಿ ಒಬ್ಬ ಪಾದ್ರಿಯ ಹತ್ತಿರ ಏಸುವಿನ ಕತೆ ಕೇಳಿ ಅದನ್ನೂ ಹಿಡಿಯುತ್ತಾನೆ. ಆಮೇಲೆ ಬ್ರೆಡ್ ಸುಡುವ ಒಬ್ಬ ಸೂಫಿಯ ಜೊತೆ ನಮಾಜು ಕಲಿಯುತ್ತಾನೆ. ಪಂಡಿತ, ಪಾದ್ರಿ, ಇಮಾಮ್ ಮೂವರೂ ಒಂದು ದಿನ ಸಮುದ್ರದ ದಂಡೆಯಲ್ಲಿ ಅವನ ಅಪ್ಪ ಅಮ್ಮನ ಎದುರಿಗೇ ಸಿಕ್ಕು, ಇವನು ನಮ್ಮವನು ಅಂತ ಜಗಳಕ್ಕೆ ಬೀಳುತ್ತಾರೆ. ಮಕ್ಕಳು ಬಿದ್ದು ಬಿದ್ದು ನಕ್ಕರು. ಮುಂದೆ ದೋಣಿಯಲ್ಲಿ ಅವನ ಪೂಜೆಗೆ ಆಮೆಯ ಮಾಂಸವೇ ಪ್ರಸಾದ, ನಮಾಜಿಗೆ ಮೆಕ್ಕಾ ಯಾವ ಕಡೆ ಅಂತ ಗೊತ್ತಿಲ್ಲ. ಅಲ್ಲಿಯವರೆಗೆ ಬಾಯಿ ಬಿಡದ ಹುಡುಗಿ ಒಬ್ಬಳು ಮಾತಾಡಿದಳು. ‘ನಮ್ಮಪ್ಪ ಲಾರಿ ಓಡಸ್ತಾರ್ರಿ. ರಾತ್ರಿ ಗೊತ್ತಿಲ್ಲದ ಊರಾಗ ನಿಂತಾಗ ದಿಕ್ಕ ತಿಳಿಯೂದಿಲ್ಲ. ಅಂದಾಜಿನ ಮ್ಯಾಲೆ ಒಂದ ಕಡೆ ಮುಖ ಮಾಡಿ ನಮಾಜ ಮಾಡ್ತಾರಂತ, ಆಗತದಂತ್ರಿ.’ ನನ್ನ ಆರು ಕಾಲಮ್ಮಿನಲ್ಲಿ ಇದಕ್ಕೆ ಜಾಗ ಇರಲಿಲ್ಲ.

ಆಮೇಲೆ ತಡೆಯುವವರೇ ಇಲ್ಲ. ಒಬ್ಬನ ಅಣ್ಣ ಮೊಹರಮ್ಮಿನಲ್ಲಿ ಫಕೀರ ಆಗುತ್ತಾನಂತೆ, ಅವರ ಮನೆದೇವರು ವೀರಭದ್ರ. ಇನ್ನೊಬ್ಬಳ ಮನೆಯಲ್ಲಿ ಆ ದಿನ ಚೊಂಗೆ ಮಾಡಿ ಅಲಾವಿ ದೇವರಿಗೆ ಸಕ್ಕರೆ ಓದಿಸುತ್ತಾರೆ. ಶಿಶುನಾಳ ಶರೀಫರ ಮಾತು ತಾನಾಗಿ ಬಂತು. 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡವರು, ಈಗಿನ ಹಾವೇರಿ ಜಿಲ್ಲೆಯವರು. ಮುಸ್ಲಿಂ ಮನೆಯ ಮಗ, ಗುರು ಕಳಸದ ಗೋವಿಂದ ಭಟ್ಟರು. ‘ನಿಮ್ಮಪ್ಪ ಯಾರಲೇ?’ ಅಂತ ಗುರು ಕೇಳಿದಾಗ ‘ನಿಮ್ಮಪ್ಪನ ನಮ್ಮಪ್ಪ’ ಅಂದರಂತೆ ಅನ್ನೋ ಕತೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಎಲ್ಲರೂ ಖುಷಿಯಾಗಿದ್ದಾಗ ಕೆಲಗೇರಿ ಹುಡುಗ, ‘ಶರೀಫಜ್ಜನ ಪದಾ ಹಾಡೂದು ಬ್ಯಾರೆ ರೀ ಮಿಸ್, ಮನೀಗೆ ಕರಕೊಂಡ ಬಂದು ಊಟಕ್ಕ ಕುಂಡ್ರಸೂದು ಬ್ಯಾರೆ’ ಅಂದ. ಈ ಸಲ ನಾನು ಚಹಾಕ್ಕೆ ಏಳಲಿಲ್ಲ. ಆದರೆ ನನ್ನ ಹತ್ತಿರ ಉತ್ತರವೂ ಇರಲಿಲ್ಲ.

ಕೊನೆಯ ವಾರ ಗೋಡೆಯ ಚಕ್ರದಲ್ಲಿ 12ನೇ ಮನೆ ಉಳಿದಿತ್ತು, ತಿರುಗಿ ಬರುವುದು. ಪೈ ಎಲ್ಲಿಗೆ ಬಂದ? ದೋಣಿ ಮೆಕ್ಸಿಕೋ ದಂಡೆಗೆ ಬಡಿಯುತ್ತದೆ. ಅಪ್ಪ, ಅಮ್ಮ, ಅಣ್ಣ ಯಾರೂ ಇಲ್ಲ. ಆಮೇಲೆ ಅವನು ಇರುವುದು ಕೆನಡಾದಲ್ಲಿ. ‘ಇದು ಹೊಳ್ಳಿ ಬಂದಂಗ ಅಲ್ಲರಿ’ ಅಂದಳು ನವಲಗುಂದದ ಹುಡುಗಿ. ಅವರದು ಹೊಲ ಮಾರಿ ಬಂದ ಮನೆತನ. ಸ್ಕೆಚ್ ಪೆನ್ ತಗೊಂಡು ಚಕ್ರದ ಕೊನೆಯ ತುಂಡಿಗೆ ಅಡ್ಡಗೆರೆ ಹೊಡೆದಳು. ನಾನು ಬೇಡ ಅನ್ನಲಿಲ್ಲ.

ಆಮೇಲೆ ಮತದಾನ. ಹಡಗು ಯಾಕೆ ಮುಳುಗಿತು ಅಂತ ವಿಚಾರಿಸಲು ಆಸ್ಪತ್ರೆಗೆ ಬಂದ ಜಪಾನಿನ ಇಬ್ಬರು ಅಧಿಕಾರಿಗಳು ಹುಲಿಯ ಕತೆ ನಂಬುವುದಿಲ್ಲ. ಪೈ ಆಗ ಇನ್ನೊಂದು ಕತೆ ಹೇಳುತ್ತಾನೆ. ಅದರಲ್ಲಿ ಪ್ರಾಣಿಗಳಿಲ್ಲ, ಮನುಷ್ಯರೇ ಇದ್ದಾರೆ, ಕೊಲೆ ಇದೆ. ಯಾವುದು ಚಂದ ಅಂತ ಅವರನ್ನೇ ಕೇಳುತ್ತಾನೆ. ನಾನೂ ಕೇಳಿದೆ. ಏಳು ಮಕ್ಕಳು ಹುಲಿ ಅಂದರು. ಕೆಲಗೇರಿಯವನು ಎರಡನೆಯದೇ ಖರೆ ಅಂದ. ನವಲಗುಂದದವಳು, ‘ನಮ್ಮಜ್ಜೀನ್ನ ಕೇಳಿ ಹೇಳ್ತೀನ್ರಿ’ ಅಂತ ಹೋದಳು. ರಾತ್ರಿ ವಾಟ್ಸಾಪಿನಲ್ಲಿ ಅಜ್ಜಿಯ ದನಿಯೇ ಬಂತು. ದಂಡೆಗೆ ಬಂದ ಮೇಲೆ ಹುಲಿ ಪೈ ಕಡೆ ಒಮ್ಮೆಯೂ ನೋಡದೆ ಕಾಡಿನೊಳಗೆ ಹೋಗಿಬಿಡುತ್ತದೆ ಅನ್ನೋದನ್ನು ಮೊಮ್ಮಗಳು ಹೇಳಿರಬೇಕು.

‘ಹೊಳ್ಳಿ ನೋಡಲಾರದ ಹೋತಂದ್ರ ಅದು ಖರೇನ ಹುಲಿ ಬಿಡವಾ. ಮನಶಾ ಆಗಿದ್ರ ಒಮ್ಮೆರ ಹೊಳ್ಳಿ ನೋಡತಿದ್ದ.’

ಎಂಟು, ಒಂದು ಅಂತ ಬರೆದುಕೊಂಡೆ.