ಮಳೆ ಬಂದನು

ಕಳೆದ ವರ್ಷ ಆರನೇ ತರಗತಿಯ ಹುಡುಗನೊಬ್ಬ ನೋಟ್‌ಬುಕ್ಕಿನಲ್ಲಿ ‘ಮಳೆ ಬಂದನು’ ಅಂತ ಬರೆದಿದ್ದ. ನನ್ನ ಕೈಯಲ್ಲಿ ಕೆಂಪು ಪೆನ್ನು. ಗೆರೆ ಎಳೆದು ಮೇಲೆ ‘ಬಂತು’ ಅಂತ ಬರೆದೆ, ಮುಂದಿನ ಪುಸ್ತಕ ತೆಗೆದೆ. ಅದರಲ್ಲಿ ‘ಮರ ಬಿದ್ದನು’.

ಬಿಸಿಯೂಟದ ಹೊತ್ತಿಗೆ ಅಡುಗೆಯವರ ಹತ್ತಿರ ಇದನ್ನು ಹೇಳಿ ನಕ್ಕೆ. ಅವರು ನಗಲಿಲ್ಲ. ‘ನಾವು ಹಾಗೇ ಹೇಳೂದಲ್ವಾ ಅಕ್ಕೋರೆ, ಪಾವ್ಸ್ ಆಯ್ಲೊ, ರೂಕ್ ಪಡ್ಲೊ’ ಅಂದರು. ಕೊಂಕಣಿಯಲ್ಲಿ ಮಳೆ ಗಂಡು, ಮರ ಗಂಡು. ಆ ಹುಡುಗ ವ್ಯಾಕರಣ ಗೊತ್ತಿಲ್ಲದೆ ಬರೆದಿರಲಿಲ್ಲ, ಅವನ ಮನೆಯ ವ್ಯಾಕರಣವನ್ನು ಸರಿಯಾಗೇ ಬಳಸಿದ್ದ. ಕಾರವಾರದ ಕಡೆ ಐದಾರು ವರ್ಷ ಕನ್ನಡ ಕಲಿಸಿದ ಮೇಲೆ ನನಗೆ ಇದು ಗೊತ್ತಾಯಿತು ಅನ್ನೋದು ಸ್ವಲ್ಪ ನಾಚಿಕೆಯ ವಿಷಯವೇ.

ನಾಚಿಕೆ ಜಾಸ್ತಿ ಆಗಲು ಇನ್ನೊಂದು ಕಾರಣ ಇದೆ. ನಾನು ಘಟ್ಟದ ಮೇಲಿನವಳು, ಶಿರಸಿ ಕಡೆಯ ಹವ್ಯಕರ ಮನೆ. ನಮ್ಮಲ್ಲಿ ಹೆಂಗಸರಿಗೆ ‘ಅದು’ ಅಂತಲೇ ಹೇಳೋದು. ಆಯಿ (ಅಂದರೆ ಅಮ್ಮ) ಬಂತು, ಅಕ್ಕ ಹೋತು. ಮೂರನೇ ಕ್ಲಾಸಿನಲ್ಲಿ ನಾನು ‘ಆಯಿ ಪೇಟೆಗೆ ಹೋಯಿತು’ ಅಂತ ಬರೆದಾಗ ಮಾಸ್ತರರು ಇಡೀ ಕ್ಲಾಸಿಗೆ ಓದಿ ಹೇಳಿದ್ದರು. ‘ನಿನ್ನ ಆಯಿ ಎಂತ ಎಮ್ಮೆಯಾ?’ ಅಂತ ಕೇಳಿದ್ದೂ ನೆನಪಿದೆ. ಆ ವರ್ಷ ಪೂರ್ತಿ ಆಯಿಯ ಬಗ್ಗೆ ನಾನು ಒಂದು ಸಾಲೂ ಬರೆಯಲಿಲ್ಲ. ಇಷ್ಟೆಲ್ಲ ಆಗಿದ್ದವಳು ದೊಡ್ಡವಳಾಗಿ ಅದೇ ಕೆಂಪು ಪೆನ್ನು ಹಿಡಿದು ಕೂತಿದ್ದೆ ನೋಡಿ.

ಈಗ ಒಂದು ಸಣ್ಣ ಉಪಾಯ ಮಾಡಿಕೊಂಡಿದ್ದೇನೆ. ನೋಟ್‌ಬುಕ್ಕಿನ ಕೊನೆಯ ನಾಲ್ಕು ಪುಟದಲ್ಲಿ ನಡುವೆ ಗೆರೆ. ಎಡಕ್ಕೆ ಮನೆ ಮಾತು, ಬಲಕ್ಕೆ ಪುಸ್ತಕದ ಮಾತು. ‘ಮಳೆ ಬಂದನು’ ಎಡಕ್ಕೆ ಹೋಗುತ್ತದೆ, ‘ಮಳೆ ಬಂತು’ ಬಲಕ್ಕೆ. ತಪ್ಪು ಅನ್ನುವ ಶಬ್ದವೇ ಬೇಡ. ಪರೀಕ್ಷೆಯಲ್ಲಿ ಬಲಗಡೆಯದ್ದನ್ನೇ ಬರೆಯಬೇಕು, ಅದರಲ್ಲಿ ರಿಯಾಯಿತಿ ಇಲ್ಲ, ಇವರು ನಾಳೆ ಹೈಸ್ಕೂಲಿಗೆ ಹೋಗುವವರು. ಆದರೆ ಪದ್ಯ ಓದುವಾಗ ಎಡಗಡೆಯದ್ದು ಎಷ್ಟು ಉಪಯೋಗಕ್ಕೆ ಬರುತ್ತದೆ ಅಂದರೆ, ಕವಿಯೊಬ್ಬರು ಮಳೆಯನ್ನು ‘ಅವನು’ ಅಂತ ಕರೆದರೆ ಬೇರೆ ಮಕ್ಕಳಿಗೆ ನಾನು ಅರ್ಧ ಗಂಟೆ ವಿವರಿಸಬೇಕು, ಇವರಿಗೆ ಅದರಲ್ಲಿ ವಿಶೇಷವೇನೂ ಕಾಣುವುದಿಲ್ಲ, ಹೌದಲ್ಲ, ಮಳೆ ‘ಅವನೇ’ ಅಲ್ವಾ ಅಂತ ನನ್ನನ್ನೇ ನೋಡುತ್ತಾರೆ.

ಪ್ರಬಂಧದ ಕತೆ ಬೇರೆ. ‘ಮಳೆಗಾಲ’ ಅಂತ ವಿಷಯ ಕೊಟ್ಟರೆ ಎಲ್ಲರದ್ದೂ ಒಂದೇ. ಮಳೆಗಾಲದಲ್ಲಿ ರೈತರಿಗೆ ಸಂತೋಷವಾಗುತ್ತದೆ. ಭೂಮಿ ಹಸಿರಾಗುತ್ತದೆ. ಗೈಡಿನಿಂದ ಬಂದದ್ದು, ಅಣ್ಣನ ಪುಸ್ತಕದಿಂದ ಬಂದದ್ದು, ನಾನೇ ಎರಡು ವರ್ಷದ ಹಿಂದೆ ಬೋರ್ಡಿನ ಮೇಲೆ ಬರೆಸಿದ್ದೂ ಇರಬಹುದು. ಹೀಗೆ ಬರೆದವರಲ್ಲಿ ಒಬ್ಬ ಕಾರವಾರದ ಬೈತಖೋಲ್ ಬಂದರಿನ ಬೋಟಿಗೆ ಹೋಗುವವರ ಮಗ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಶಾಲೆ ಶುರುವಾಗುವ ಹೊತ್ತಿಗೇ ಅಪ್ಪನಿಗೆ ರಜೆ, ಮನೆಗೆ ಖರ್ಚು. ಅವನ ಮನೆಯಲ್ಲಿ ಮಳೆಗಾಲ ಅಂದರೆ ಒಣ ಮೀನು, ಹೊಲಿಯಲು ಬಿದ್ದಿರುವ ಬಲೆ, ಅಂಗಡಿಯ ಸಾಲದ ಪಟ್ಟಿ. ಪ್ರಬಂಧದಲ್ಲಿ ಮಾತ್ರ ರೈತರಿಗೆ ಸಂತೋಷ.

‘ನಿಮ್ಮ ಅಪ್ಪ ಈಗ ಎಂತ ಮಾಡ್ತಾ ಇದ್ದಾರೆ, ಅದನ್ನು ಬರಿ’ ಅಂದೆ. ‘ಅದನ್ನೆಲ್ಲ ಬರೀಬಹುದಾ?’ ಅಂತ ಕೇಳಿದ. ಈ ಪ್ರಶ್ನೆ ಒಬ್ಬನದ್ದಲ್ಲ, ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ.

ಮಕ್ಕಳು ಹಾಗೆ ಬರೆಯಲು ಶುರು ಮಾಡಿದರೆ ನನಗೇ ಕಷ್ಟ. ಮೀನು ತಿನ್ನದ ಮನೆಯವಳಿಗೆ ಬಂಗಡೆ ಯಾವುದು, ತಾರ್ಲೆ ಯಾವುದು ಹೇಗೆ ಗೊತ್ತು? ಶೆಟ್ಲಿ ಅಂದರೆ ಸೀಗಡಿ ಅಂತ ಕಲಿಸಿದ್ದು ಒಬ್ಬಳು ಐದನೇ ಕ್ಲಾಸಿನ ಹುಡುಗಿ. ಇನ್ನೊಂದು ವಾರ ಬಿಟ್ಟು ಅವಳೇ ಬಾಯಿಪಾಠ ಒಪ್ಪಿಸಲು ಹೇಳಿದಳು. ಒಪ್ಪಿಸಿದೆ, ಅರ್ಧಂಬರ್ಧ.

ಏಳನೇ ತರಗತಿಯ ಹಳೆಯ ಪದ್ಯಗಳಿಗೆ ತಾಳಮದ್ದಲೆ ಕೈ ಹಿಡಿಯಿತು. ‘ಪದ್ಯದ ಸಾರಾಂಶ ಬರೆಯಿರಿ’ ಅಂದರೆ ಕ್ಲಾಸು ಸುಮ್ನೆ ಕೂರುತ್ತದೆ. ನಮ್ಮ ಜಿಲ್ಲೆಯಲ್ಲಿ ಸಾರಾಂಶ ಹೇಳುವ ಒಂದು ದೊಡ್ಡ ಕಲೆಯೇ ಇದೆಯಲ್ಲ. ಭಾಗವತರು ಪದ್ಯ ಹೇಳುತ್ತಾರೆ, ಅರ್ಥಧಾರಿಗಳು ವೇಷ ಇಲ್ಲದೆ, ಕುಣಿತ ಇಲ್ಲದೆ, ಕೂತಲ್ಲೇ ಆ ಪಾತ್ರವಾಗಿ ಅದನ್ನು ಬೆಳೆಸುತ್ತಾರೆ. ಅದನ್ನೇ ಮಾಡಿದೆವು. ನಾನು ಪದ್ಯ ಓದೋದು (ರಾಗ ಬೇಡ, ನನ್ನ ಗಂಟಲು ಅಷ್ಟಕ್ಕಷ್ಟೆ), ಇಬ್ಬರು ಎದುರುಬದುರು ಕೂತು ಅರ್ಥ ಹೇಳೋದು. ಎರಡನೇ ದಿನ ಒಬ್ಬ ಕರ್ಣ ಎಷ್ಟು ಜೋರಾಗಿ ವಾದ ಮಾಡಿದ ಅಂದರೆ ಪಕ್ಕದ ಕ್ಲಾಸಿನ ಮಾಸ್ತರರು ಬಂದು ಬಾಗಿಲಲ್ಲಿ ನಿಂತರು. ಬೈಯಲಿಕ್ಕೆ ಬಂದವರು ಗಂಟೆ ಹೊಡೆಯುವವರೆಗೂ ಹೋಗಲಿಲ್ಲ.

ಇನ್ನು ಚೌಪದಿ. ಅಂಕೋಲೆಯ ಕವಿ ದಿನಕರ ದೇಸಾಯಿಯವರಿಂದ ನಮ್ಮ ಕಡೆ ಚೌಪದಿ ಅಂದರೆ ಎಲ್ಲರಿಗೂ ಗೊತ್ತು. ನಾಲ್ಕೇ ಸಾಲು, ಎರಡೆರಡಕ್ಕೆ ಪ್ರಾಸ, ಕೊನೆಯ ಸಾಲಿನಲ್ಲಿ ಒಂದು ಚುಚ್ಚು. ಹನ್ನೊಂದು ವರ್ಷದ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಅಳತೆ ನನಗೆ ಸಿಕ್ಕಿಲ್ಲ. ದೊಡ್ಡ ಕವಿತೆ ಬರೆಯಿರಿ ಅಂದರೆ ‘ಓ ಪ್ರಕೃತಿ ಮಾತೆ’ ಅಂತ ಶುರು ಮಾಡಿಬಿಡುತ್ತಾರೆ, ಇಲ್ಲಿ ಅದಕ್ಕೆ ಜಾಗವೇ ಇಲ್ಲ.

‘ಮಳೆ ಬಂದನು’ ಹುಡುಗ ಜುಲೈಯಲ್ಲಿ ಒಂದು ಬರೆದು ತಂದ.

ಎರಡು ತಿಂಗಳು ಅಪ್ಪ ಮನೆಯಲ್ಲೇ ಇದ್ದ
ಬಲೆ ಹೊಲಿಯುತ್ತ ಬಲೆ ಮೇಲೇ ನಿದ್ದೆಗೆ ಬಿದ್ದ
ಅಮ್ಮ ಕೇಳಿದಳು ಇವತ್ತಿನ ಮೀನೇನು
ಅಪ್ಪ ಅಂದ ಬಲೆಗೆ ಬಿದ್ದದ್ದು ನಾನು

ನಾನು ಎರಡು ಸಲ ಓದಿದೆ. ಅಪ್ಪನಿಗೆ ‘ಇದ್ದರು’ ಅಂತ ಬರೆದರೆ ಚೆಂದ ಅಲ್ವಾ ಅಂತ ಕೇಳಿದೆ, ಅಭ್ಯಾಸ ಬಲ. ಅವನು ಬೆರಳು ಮಡಚಿ ಏನೋ ಎಣಿಸಿದ. ‘ಬೇಡ ಅಕ್ಕೋರೆ, ಸಾಲು ಉದ್ದ ಆಗ್ತದೆ.’

ಸರಿ ಅಂದೆ. ಡಿಸೆಂಬರಿನಲ್ಲಿ ಶಾಲೆಯ ಗ್ಯಾದರಿಂಗ್‌ನಲ್ಲಿ ಇದನ್ನು ಓದ್ತೀಯಾ ಅಂತ ಕೇಳಿದ್ದಕ್ಕೆ ಸ್ವಲ್ಪ ಹೊತ್ತು ಯೋಚನೆ ಮಾಡಿದ.

‘ಅಡ್ಡಿಲ್ಲ. ಆಗ ಅಪ್ಪ ಬೋಟಿಗೆ ಹೋಗಿರ್ತಾರೆ.’