ಕಾರವಾರದಲ್ಲಿ ಆರು ಬಗೆ ಬಿಯರ್, ಒಂದು ಕೆಜಿ ಸಾಣಿಕಟ್ಟಾ ಉಪ್ಪು

ಶಿರಸಿ ಬಿಟ್ಟಾಗ ಬೆಳಿಗ್ಗೆ ಆರೂವರೆ. ಫೆಬ್ರವರಿ ಕೊನೆಯ ವಾರ. ಕಾರಿನ ಡಿಕ್ಕಿಯಲ್ಲಿ ಒಂದು ದೊಡ್ಡ ಐಸ್ ಡಬ್ಬಿ, ಅದರೊಳಗೆ ಆರು ಬಗೆಯ ಬಿಯರ್. ನನ್ನ ಭಾವ ಬೆಂಗಳೂರಿನ ಒಂದು ಮೈಕ್ರೋಬ್ರೂವರಿಯಲ್ಲಿ ಬಿಯರ್ ತಯಾರಿಸುವ ಕೆಲಸ ಮಾಡುತ್ತಾರೆ. ಅಲ್ಲಿನ ಅಂಗಡಿಗಳನ್ನು ಸುತ್ತಿ, ಒಂದೊಂದು ಬಗೆಗೆ ಎರಡೆರಡು ಕ್ಯಾನೋ ಬಾಟಲಿಯೋ ಕೊಂಡು ತಂದಿದ್ದರು. ಕಾರವಾರದಲ್ಲಿ ಕೂತು, ಅಲ್ಲಿನ ಮೀನಿನ ಜೊತೆ ಒಂದೊಂದನ್ನೇ ಕುಡಿದು ನೋಡಬೇಕು ಅಂತ ನಾವಿಬ್ಬರೂ ಎರಡು ವರ್ಷದಿಂದ ಮಾತಾಡಿಕೊಂಡಿದ್ದೆವು.

ಮೂರನೆಯವನು ನನ್ನ ಗೆಳೆಯ. ಶಿರಸಿಯಲ್ಲಿ ಅವನದು ಏಲಕ್ಕಿ, ಕಾಳುಮೆಣಸು, ಜಾಯಿಕಾಯಿ ವ್ಯಾಪಾರ. ಅವನು ಕುಡಿಯುವುದಿಲ್ಲ, ಹಾಗಾಗಿ ಕಾರು ಓಡಿಸುವುದು ಅವನೇ. ಆದರೆ ಮೂಗು ಮಾತ್ರ ಅಂಥಾದ್ದು! ಮುಚ್ಚಿದ ಚೀಲದ ಬಾಯಿ ಸ್ವಲ್ಪ ಸಡಿಲ ಮಾಡಿದರೆ ಸಾಕು, ಮೆಣಸು ಹೊಸತೋ ಹಳತೋ ಅಂತ ಹೇಳಿಬಿಡುತ್ತಾನೆ. ಬಿಯರ್ ನೋಡುವುದರಲ್ಲಿ ಅರ್ಧ ಕೆಲಸ ಮೂಗಿನದ್ದೇ. ನಮ್ಮ ಮೂವರಲ್ಲಿ ಆ ದಿನ ಅವನ ಮಾತಿಗೇ ಜಾಸ್ತಿ ಬೆಲೆ ಬಂತು.

ದೇವಿಮನೆ ಘಟ್ಟ ಇಳಿದು ಕುಮಟಾದಲ್ಲಿ ಬನ್ಸ್, ಚಹಾ. ಅಲ್ಲಿಂದ ಮುಂದೆ ಮಾದನಗೇರಿಯಲ್ಲಿ ಎಡಕ್ಕೆ, ಗೋಕರ್ಣದ ರಸ್ತೆಗೆ ತಿರುಗಿದೆವು. ಗೋಕರ್ಣಕ್ಕೆ ಹೋಗಲು ಅಲ್ಲ. ದಾರಿಯಲ್ಲಿ ಸಾಣಿಕಟ್ಟಾ ಸಿಗುತ್ತದೆ, ಉಪ್ಪಿನ ಆಗರ ನೋಡಬೇಕಿತ್ತು.

ಚಿಕ್ಕವನಿದ್ದಾಗಿಂದ ಆ ರಸ್ತೆಯಲ್ಲಿ ಎಷ್ಟು ಸಲ ಓಡಾಡಿದ್ದೇನೋ ಲೆಕ್ಕವಿಲ್ಲ, ಆದರೆ ಇಳಿದು ನೋಡಿದ್ದು ಇದೇ ಮೊದಲು. ಭರತದ ಹೊತ್ತಿಗೆ ಅಘನಾಶಿನಿಯ ಹಿನ್ನೀರು ಒಳಗೆ ಬರುತ್ತದೆ. ಅದನ್ನು ಕಟ್ಟಿ ನಿಲ್ಲಿಸುತ್ತಾರೆ. ಒಂದು ಪಾತಿಯಿಂದ ಇನ್ನೊಂದಕ್ಕೆ ಹರಿಸುತ್ತಾ ಹೋದಂತೆ ಬಿಸಿಲಿಗೆ ನೀರು ಆರಿ ಉಪ್ಪು ಗಟ್ಟಿಯಾಗುತ್ತದೆ. ಕೊನೆಯ ಪಾತಿಯಲ್ಲಿ ಹರಳು ಕೂರುತ್ತದೆ, ಅದನ್ನು ಉದ್ದ ಕೋಲಿನ ಹಲಗೆಯಿಂದ ಎಳೆದು ಅಂಚಿಗೆ ಗುಡ್ಡೆ ಹಾಕುತ್ತಾರೆ. ಕಲ್ಲುಪ್ಪು, ಸ್ವಲ್ಪ ಬೂದು ಬಣ್ಣ. ಒಂದು ಹರಳು ನಾಲಿಗೆ ಮೇಲಿಟ್ಟರೆ ಮೊದಲು ಉಪ್ಪು, ಹಿಂದೆಯೇ ಸಣ್ಣದೊಂದು ಕಹಿ. ಭಾವ ಎರಡು ಹರಳು ಚೀಪಿ ಸುಮ್ಮನೆ ನಿಂತರು. "ಒಂದು ಕೆಜಿ ತಗೊಳ್ಳೋ, ಸಂಜೆಗೆ ಬೇಕಾಗುತ್ತೆ" ಅಂದರು. ಯಾಕೆ ಅಂತ ಹೇಳಲಿಲ್ಲ.

ಹೆದ್ದಾರಿಗೆ ಬಂದು ಅಂಕೋಲೆ ದಾಟುವಾಗ 1930ರ ಉಪ್ಪಿನ ಸತ್ಯಾಗ್ರಹದ ನೆನಪಾಯಿತು. ಕರ್ನಾಟಕದಲ್ಲಿ ಆ ಹೋರಾಟ ಜೋರಾಗಿ ನಡೆದ ಊರು ಇದೇ ಅಲ್ವಾ. ಕಾರಿನಲ್ಲಿ ಒಂದು ಕೆಜಿ ಉಪ್ಪು ಇಟ್ಟುಕೊಂಡು ಆ ಊರು ದಾಟುವಾಗ ಮನಸ್ಸಿಗೆ ಏನೋ ಒಂಥರಾ ಖುಷಿ.

ಕಾರವಾರ ಸೇರಿದಾಗ ಹತ್ತು ದಾಟಿತ್ತು. ಮೊದಲು ಮೀನು ಮಾರುಕಟ್ಟೆ. ಬಂಗಡೆ ಧಾರಾಳವಾಗಿ ಬಂದಿತ್ತು, ಸಿಗಡಿಯೂ ಇತ್ತು. ನಮಗೆ ಬೇಕಿದ್ದದ್ದು ಕಲ್ವಾ. ಕಲ್ಲಿಗೆ ಅಂಟಿ ಬೆಳೆಯುವ ಚಿಪ್ಪಿನೊಳಗಿನ ಮಾಂಸ. ಮೂಲೆಯಲ್ಲಿ ಕೂತಿದ್ದ ಒಬ್ಬ ಅಕ್ಕನ ಹತ್ತಿರ ಮಾತ್ರ ಇತ್ತು, ಚಿಪ್ಪು ಬಿಡಿಸಿ ಡಬ್ಬದಲ್ಲಿ ಇಟ್ಟುಕೊಂಡಿದ್ದರು. "ಅಕ್ಕಾ, ಹೇಗೆ ಕೊಟ್ರಿ?" ಅಂದೆ. "ಪೂರ್ತಿ ತಗೊಂಡ್ರೆ ಕಮ್ಮಿ ಮಾಡ್ತೆ ತಮಾ" ಅಂದರು. ಪೂರ್ತಿ ತಗೊಂಡೆವು.

ಸಮುದ್ರದಿಂದ ಸ್ವಲ್ಪ ಒಳಗೆ, ತೆಂಗಿನ ತೋಟದಲ್ಲಿ ಒಂದು ಹೋಮ್‌ಸ್ಟೇ. ಅಂಗಳದಲ್ಲಿ ಕೂತು ಕುಡಿಯಬಹುದಾ ಅಂತ ಮೊದಲೇ ಕೇಳಿ ಒಪ್ಪಿಗೆ ಪಡೆದಿದ್ದೆವು. ಅಡುಗೆ ಆ ಮನೆಯ ಅಕ್ಕನದ್ದು. ಬಂಗಡೆಗೆ ಕೆಂಪು ಮಸಾಲೆ ಹಚ್ಚಿ ಹುರಿಯುವುದು, ಕಲ್ವಾಕ್ಕೆ ಕಾಯಿತುರಿ ಹಾಕಿ ಸುಕ್ಕಾ, ಸಿಗಡಿಯನ್ನು ರವೆಯಲ್ಲಿ ಹೊರಳಿಸಿ ಕರಿಯುವುದು ಅಂತ ಅವರೇ ತೀರ್ಮಾನ ಮಾಡಿದರು.

ಸಂಜೆ ಐದಕ್ಕೆ ಭಾವ ಮೊದಲು ಮಾಡಿದ ಕೆಲಸ, ಸ್ಟೌಟ್ ಅನ್ನುವ ಕಪ್ಪು ಬಿಯರಿನ ಕ್ಯಾನುಗಳನ್ನು ಐಸ್ ಡಬ್ಬಿಯಿಂದ ಹೊರಗೆ ಇಟ್ಟದ್ದು. ಕುಡಿಯುವುದು ಎಲ್ಲಕ್ಕಿಂತ ಕೊನೆಗೆ, ಆದರೆ ಅಷ್ಟು ಹೊತ್ತಿಗೆ ಅದು 10-12 ಡಿಗ್ರಿಗೆ ಬರಬೇಕು. ಪಿಲ್ಸನರ್ ತಣ್ಣಗೆ 5-6 ಡಿಗ್ರಿಯಲ್ಲಿ ಚೆಂದ. ಸ್ಟೌಟನ್ನೂ ಅಷ್ಟೇ ತಣ್ಣಗೆ ಕುಡಿದರೆ ವಾಸನೆ ಏಳುವುದೇ ಇಲ್ಲ, ಬರೀ ಕಹಿ ನೀರು ಕುಡಿದಂತೆ. ನಮ್ಮಲ್ಲಿ ಬಿಯರ್ ಅಂದರೆ ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿರಬೇಕು ಅಂತ ರೂಢಿ. ಆ ರೂಢಿಯಿಂದಲೇ ಎಷ್ಟೋ ಒಳ್ಳೆಯ ಬಿಯರಿನ ರುಚಿ ನಮಗೆ ಸಿಗದೇ ಹೋಗಿದೆ ಅಂತ ನನಗೆ ಈಗ ಅನಿಸುತ್ತದೆ.

ಎರಡನೇ ಕೆಲಸ ಉಪ್ಪಿನದ್ದು. ಗ್ಲಾಸುಗಳ ಒಳಗೆ ಒಂದೊಂದು ಚಿಟಿಕೆ ಸಾಣಿಕಟ್ಟಾ ಉಪ್ಪು ಹಾಕಿ, ಒದ್ದೆ ಬೆರಳಿನಿಂದ ಗೋಡೆಗೆಲ್ಲ ತಿಕ್ಕಿ, ಮೂರು ಸಲ ನೀರು ಹಾಕಿ ತೊಳೆದರು. ಅಕ್ಕ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ಎಂಥ ತಮಾ, ಉಪ್ಪು ಮೀನಿಗೆ ಹಾಕೂದು, ಗ್ಲಾಸಿಗೂ ಹಾಕ್ತಾರಾ?" ಅಂದರು. ಗ್ಲಾಸಿನಲ್ಲಿ ಎಣ್ಣೆ ಜಿಡ್ಡು ಸ್ವಲ್ಪ ಉಳಿದಿದ್ದರೂ ಬಿಯರಿನ ನೊರೆ ನಿಲ್ಲುವುದಿಲ್ಲ. ಸೋಪಿನದ್ದು ಉಳಿದರೂ ಅದೇ ಕತೆ. ಕಲ್ಲುಪ್ಪು ಜಿಡ್ಡನ್ನು ತಿಕ್ಕಿ ತೆಗೆಯುತ್ತದೆ, ಆಮೇಲೆ ತಾನೂ ನೀರಿನಲ್ಲಿ ಕರಗಿ ಹೋಗುತ್ತದೆ. ಭಾವ ಇದನ್ನು ವಿವರಿಸಿ, ತಿಕ್ಕಿದ ಗ್ಲಾಸೊಂದಕ್ಕೂ ಅಡುಗೆಮನೆಯಿಂದ ಹಾಗೇ ತಂದ ಗ್ಲಾಸೊಂದಕ್ಕೂ ಪಿಲ್ಸನರ್ ಸುರಿದು ತೋರಿಸಿದರು. ಒಂದರಲ್ಲಿ ಎರಡು ಬೆರಳು ದಪ್ಪ ನೊರೆ, ಕುಡಿದು ಇಳಿದಂತೆಲ್ಲ ಗೋಡೆಗೆ ಬಿಳಿ ಉಂಗುರ ಬಿಡುತ್ತಾ ಹೋಯಿತು. ಇನ್ನೊಂದರ ನೊರೆ ನೋಡನೋಡುತ್ತ ಸತ್ತಿತು, ಒಳಗೋಡೆಯಲ್ಲಿ ಗುಳ್ಳೆಗಳು ಅಲ್ಲಲ್ಲಿ ಅಂಟಿಕೊಂಡವು. ನೊರೆಯಲ್ಲೇ ಘಮ ಇರುವುದು. ಅದು ಹೋದರೆ ಅರ್ಧ ಬಿಯರ್ ಹೋದ ಹಾಗೆ.

ಪಿಲ್ಸನರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. 1842ರಲ್ಲಿ ಬೊಹೆಮಿಯಾದ ಪಿಲ್ಸನ್ ಊರಿನಲ್ಲಿ ಹುಟ್ಟಿದ ಬಗೆ. ಇವತ್ತು ಬಾರಿನಲ್ಲಿ ಸಿಗುವ ಮಾಮೂಲಿ ಲಾಗರುಗಳೆಲ್ಲ ಬಹುಪಾಲು ಅದರ ವಂಶವೇ. ತಣ್ಣಗಿನ ಜಾಗದಲ್ಲಿ ನಿಧಾನ ಹುಳಿಬಂದು, ವಾರಗಟ್ಟಲೆ ಇಟ್ಟು ಮಾಗಿಸಿದ್ದು. ಸಿಗಡಿ ಜೊತೆ ಬಹಳ ಚೆನ್ನಾಗಿತ್ತು, ಎಣ್ಣೆಯನ್ನು ನಾಲಿಗೆಯಿಂದ ತೊಳೆದು ಮುಂದಿನ ತುತ್ತಿಗೆ ಜಾಗ ಮಾಡಿಕೊಡುತ್ತದೆ.

ಆಮೇಲೆ ಗೋಧಿ ಬಿಯರ್, ಎರಡು ಬಗೆ. ಒಂದು ಜರ್ಮನಿಯ ಹೆಫೆವೈಜೆನ್, ಇನ್ನೊಂದು ಬೆಲ್ಜಿಯಂನ ವಿಟ್. ಎರಡೂ ನೋಡಲು ಮಬ್ಬು ಹಳದಿ, ಅಕ್ಕತಂಗಿಯರ ಹಾಗೆ. ಯಾವುದು ಯಾವುದು ಅಂತ ಹೇಳದೆ ಗ್ಲಾಸುಗಳನ್ನು ಗೆಳೆಯನ ಮುಂದೆ ಇಟ್ಟೆವು. ಅವನು ಮುರುಗಲ ಪಾನಕ ಕುಡಿಯುತ್ತಿದ್ದ. ಅದನ್ನು ಬದಿಗಿಟ್ಟು ಮೊದಲನೆಯದನ್ನು ಮೂಸಿದ. "ಬಾಳೆಹಣ್ಣು. ಚೆನ್ನಾಗಿ ಕಳಿತದ್ದು." ಮತ್ತೊಮ್ಮೆ ಮೂಸಿ, "ಹಿಂದೆ ಲವಂಗ ಇದೆ" ಅಂದ. ಎರಡನೆಯದಕ್ಕೆ ಸ್ವಲ್ಪ ಹೊತ್ತು ತಗೊಂಡ. "ಇದಕ್ಕೆ ಕೊತ್ತಂಬರಿ ಬೀಜ ಹಾಕಿದಾರೆ. ಹುರಿದದ್ದಲ್ಲ, ಹಸಿ ಜಜ್ಜಿದ್ದು. ಕಿತ್ತಳೆ ಸಿಪ್ಪೆಯೂ ಇದೆ."

ಭಾವ ಕುರ್ಚಿಯಿಂದ ಎದ್ದುಬಿಟ್ಟರು. ಒಂದು ಅಕ್ಷರ ತಪ್ಪಿರಲಿಲ್ಲ. ಇದರಲ್ಲಿ ನನಗೆ ಇಷ್ಟವಾಗುವ ವಿಷಯ ಒಂದಿದೆ. ವಿಟ್‌ನಲ್ಲಿ ಕೊತ್ತಂಬರಿ ಬೀಜ, ಕಿತ್ತಳೆ ಸಿಪ್ಪೆ ನಿಜಕ್ಕೂ ಹಾಕುತ್ತಾರೆ. ಹೆಫೆವೈಜೆನ್‌ನಲ್ಲಿ ಮಾತ್ರ ಬಾಳೆಹಣ್ಣೂ ಇಲ್ಲ, ಲವಂಗವೂ ಇಲ್ಲ. ಆ ಎರಡೂ ವಾಸನೆ ಯೀಸ್ಟ್ ಹುಟ್ಟಿಸುವುದು. ಬಾಳೆಹಣ್ಣಿನಲ್ಲಿರುವ ಘಮದ ಅಂಶವನ್ನೇ ಆ ಜಾತಿಯ ಯೀಸ್ಟ್ ಬಿಯರ್ ಹುಳಿಯುವಾಗ ತಯಾರು ಮಾಡುತ್ತದೆ. ಸ್ವಲ್ಪ ಬೆಚ್ಚಗೆ ಹುಳಿಸಿದರೆ ಬಾಳೆ ಮುಂದೆ ಬರುತ್ತದೆ, ತಣ್ಣಗೆ ಹುಳಿಸಿದರೆ ಲವಂಗ ಮುಂದೆ. ಹಾಗಾಗಿ ಬಾಟಲಿಯ ತಳದಲ್ಲಿ ಕೂತ ಯೀಸ್ಟನ್ನು ಚೆಲ್ಲಬಾರದು. ಕೊನೆಯ ಎರಡು ಗುಟುಕು ಉಳಿದಾಗ ಬಾಟಲಿಯನ್ನು ಮೆಲ್ಲಗೆ ತಿರುಗಿಸಿ, ತಳ ಕಲಕಿ, ಅದನ್ನೂ ಸುರಿದುಕೊಳ್ಳಬೇಕು. ನನಗೆ ಗೋಧಿ ಬಿಯರ್ ಅಂದರೆ ಇಷ್ಟು ದಿನ ಬಿರಾ ವೈಟ್ ಒಂದೇ ಗೊತ್ತಿದ್ದದ್ದು. ಈ ಎರಡನ್ನೂ ಪಕ್ಕಪಕ್ಕ ಇಟ್ಟು ಕುಡಿದ ಮೇಲೆ, ಇವು ಒಂದೇ ಬಗೆ ಅಂತ ಇನ್ನು ಯಾರೂ ನನ್ನನ್ನು ನಂಬಿಸಲಾರರು.

ಬೇಸರವಾದದ್ದು ಐಪಿಎಯಲ್ಲಿ, ಅಂದರೆ ಇಂಡಿಯಾ ಪೇಲ್ ಏಲ್. ಎಲ್ಲರೂ ಕಾದಿದ್ದು ಅದಕ್ಕೇ. ಹೆಸರಿನಲ್ಲೇ ಇಂಡಿಯಾ ಇದೆಯಲ್ಲ. ಹಡಗಿನಲ್ಲಿ ತಿಂಗಳುಗಟ್ಟಲೆ ಕೆಡದೆ ಬರಲಿ ಅಂತ ಇಂಗ್ಲೆಂಡಿನವರು ಬಿಯರಿಗೆ ಕಹಿ, ಘಮ ಕೊಡುವ ಹಾಪ್ಸ್ ಹೂವನ್ನು ಹೆಚ್ಚು ಹಾಕಿ ಕಳಿಸುತ್ತಿದ್ದ ಪೇಲ್ ಏಲ್ ಇದರ ಮೂಲ. ಆದರೆ ಅದೊಂದೇ ಇಲ್ಲಿಗೆ ಬರುತ್ತಿದ್ದದ್ದಲ್ಲ, ಇಂಗ್ಲಿಷ್ ಸೈನ್ಯದ ಸಾಮಾನ್ಯ ಸೈನಿಕರಿಗೆ ಅಂತ ಪೋರ್ಟರ್ ಅನ್ನುವ ಕಪ್ಪು ಬಿಯರ್ ಕೂಡ ಹಡಗು ತುಂಬಾ ಬರುತ್ತಿತ್ತು, ಆ ಕತೆಯನ್ನು ಯಾರೂ ಹೇಳುವುದಿಲ್ಲ. ಇರಲಿ. ಕ್ಯಾನ್ ಒಡೆದು ಮೂಸಿದರೆ ಹಾಪ್ಸ್ ಕೊಡುವ ಹಣ್ಣಿನಂಥ ಘಮವೇ ಇಲ್ಲ. ಒದ್ದೆಯಾದ ರಟ್ಟಿನ ವಾಸನೆ. ತಳದಲ್ಲಿ ತಾರೀಖು ನೋಡಿದರೆ ಒಂಬತ್ತು ತಿಂಗಳ ಹಿಂದಿನದು. ಭಾವನಿಗೆ ಆಗ ನೆನಪಾಯಿತು, ಆ ಅಂಗಡಿಯವರು ಅದನ್ನು ಫ್ರಿಜ್‌ನಿಂದ ಕೊಟ್ಟಿರಲಿಲ್ಲ, ಕಿಟಕಿ ಪಕ್ಕದ ಕಪಾಟಿನಿಂದ ತೆಗೆದು ಕೊಟ್ಟಿದ್ದರು. ಹಾಪ್ಸಿನ ಘಮ ಹೂವಿನ ಘಮದ ಹಾಗೆ, ಬೇಗ ಬಾಡುತ್ತದೆ. ಬೇರೆ ಬಿಯರ್ ತಡೆದುಕೊಂಡರೂ ಐಪಿಎ ಸೆಕೆಯನ್ನು ತಡೆಯುವುದಿಲ್ಲ. ಕೊಳ್ಳುವವರು ದಯವಿಟ್ಟು ತಾರೀಖು ನೋಡಿ ಕೊಳ್ಳಿ. ಅಷ್ಟು ದುಡ್ಡು ಕೊಟ್ಟು ಬಾಡಿದ್ದನ್ನು ಕುಡಿಯುವುದು ನಿಜಕ್ಕೂ ಸಂಕಟ. ಉಳಿದಿದ್ದ ಕಹಿ ಮಾತ್ರ ಬಂಗಡೆಯ ಖಾರಕ್ಕೆ ತಾಗಿ ಬಾಯಿ ಇನ್ನಷ್ಟು ಉರಿಯಿತು.

ಆ ಉರಿಯಲ್ಲೇ ಗೋಸೆ ಬಂತು.

ಇದನ್ನು ನಾನು ಮೊದಲು ಬೆಂಗಳೂರಿನಲ್ಲಿ ಕುಡಿದಿದ್ದೆ, ಇಷ್ಟವಾಗಿರಲಿಲ್ಲ. ಹುಳಿ, ಮೇಲೆ ಉಪ್ಪು. ಇದ್ಯಾವ ಬಿಯರ್ ಅಂತ ಅರ್ಧಕ್ಕೇ ಬಿಟ್ಟಿದ್ದೆ. ಜರ್ಮನಿಯ ಗೋಸ್ಲಾರ್ ಅನ್ನುವ ಊರಿನದು, ಅಲ್ಲಿ ಹರಿಯುವ ಗೋಸೆ ಹೊಳೆಯ ಹೆಸರೇ ಬಿಯರಿಗೂ ಬಂದಿದೆ. ಆಮೇಲೆ ಲೈಪ್‌ಜಿಗ್‌ನಲ್ಲಿ ಬೆಳೆಯಿತು. ಎರಡನೇ ಮಹಾಯುದ್ಧದ ನಂತರ ತಯಾರಿಸುವವರೇ ಇಲ್ಲದೆ ನಿಂತುಹೋಗಿ, 1980ರ ದಶಕದಲ್ಲಿ ಮತ್ತೆ ಜೀವ ಬಂತು. ಗೋಧಿ, ಉಪ್ಪು, ಕೊತ್ತಂಬರಿ ಬೀಜ ಅದರ ಲಕ್ಷಣ. ಹುಳಿ ಬರುವುದು ಲ್ಯಾಕ್ಟೋಬ್ಯಾಸಿಲಸ್‌ನಿಂದ, ನಮ್ಮ ಮಜ್ಜಿಗೆ ಹುಳಿಯಾಗುವುದೂ ಅದೇ ಬಳಗದಿಂದ.

ಬಂಗಡೆಯ ಒಂದು ತುಂಡು ತಿಂದು, ತುಟಿ ಉರಿಯುತ್ತಿರುವಾಗಲೇ ಒಂದು ಗುಟುಕು ಕುಡಿದೆ. ಉರಿ ಥಟ್ಟನೆ ಇಳಿಯಿತು. ಹುಳಿ ಮುಂದೆ ಬಂತು, ಉಪ್ಪು ಹಿಂದೆ ನಿಂತಿತು, ಕೊತ್ತಂಬರಿ ಎಲ್ಲೋ ಮೂಗಿನ ಮೇಲುಗಡೆ. ಈ ರುಚಿ ನನಗೆ ಗೊತ್ತು ಅನಿಸಿತು. ಎಲ್ಲಿಂದ ಅಂತ ಮಾತ್ರ ಹೊಳೆಯಲಿಲ್ಲ. ಗ್ಲಾಸು ಹಿಡಿದುಕೊಂಡು ಹಾಗೇ ಕೂತೆ. ಗೆಳೆಯ ನನ್ನ ಕೈಯಿಂದ ತಗೊಂಡು ಮೂಸಿದ. ಅವನು ಕುಡಿಯುವವನಲ್ಲ, ಬೆರಳದ್ದಿ ನಾಲಿಗೆಗೆ ಮುಟ್ಟಿಸಿಕೊಂಡ. "ಅಪ್ಪೆಹುಳಿ ಅಲ್ವೇನೋ ಇದು!" ಅಂದ.

ಹೌದು. ಶಿರಸಿ ಬದಿಯ ಊಟದಲ್ಲಿ ಅಪ್ಪೆ ಮಾವಿನಕಾಯಿ ಬೇಯಿಸಿ ಕಿವುಚಿ, ನೀರು ಉಪ್ಪು ಹಾಕಿ, ಒಗ್ಗರಣೆ ಕೊಟ್ಟು, ಲೋಟದಲ್ಲಿ ಕುಡಿಯುತ್ತೇವಲ್ಲ, ಅದೇ ತೆಳು, ಅದೇ ಹುಳಿ-ಉಪ್ಪಿನ ಸರಿಸಮ. ಒಗ್ಗರಣೆಯ ಇಂಗು ಒಂದು ಇಲ್ಲ. ಹುಟ್ಟಿದಾಗಿಂದ ಕುಡಿದ ರುಚಿಯನ್ನು ಬೆಂಗಳೂರಿನ ಎಸಿ ಕೋಣೆಯಲ್ಲಿ ಕಡಲೆಬೀಜದ ಜೊತೆ ಕೂತಾಗ ಗುರುತಿಸಲು ಆಗಿರಲಿಲ್ಲ. ಬೆಳಿಗ್ಗೆ ಆಗರದಲ್ಲಿ ನಿಂತು ಉಪ್ಪಿನ ಹರಳು ಚೀಪಿ, ಸಂಜೆ ಖಾರದ ಮೀನು ತಿಂದು, ಸಮುದ್ರದ ಗಾಳಿಯಲ್ಲಿ ಕೂತಾಗ ಅದು ತಾನಾಗಿ ಗೊತ್ತಾಯಿತು. ಭಾವ ಆ ಹೊತ್ತಿಗೆ ಮಾತು ನಿಲ್ಲಿಸಿ ಉಪ್ಪಿನ ಪೊಟ್ಟಣವನ್ನೇ ನೋಡುತ್ತಿದ್ದರು. ಸಾಣಿಕಟ್ಟಾ ಉಪ್ಪು ಹಾಕಿ, ಅಪ್ಪೆಮಿಡಿ ಹಾಕಿ ಒಂದು ಗೋಸೆ ಮಾಡಿದರೆ ಹೇಗೆ ಅಂತ ಅವರ ತಲೆಯಲ್ಲಿ ಓಡುತ್ತಿತ್ತು. ಅವರು ಮಾಡಲಿ ಅಂತ ನನಗೆ ಬಹಳ ಆಸೆ.

ಕೊನೆಗೆ ಸ್ಟೌಟ್, ಕಲ್ವಾ ಸುಕ್ಕಾ ಜೊತೆ. ಕಾಫಿ ಹಾಕದಿದ್ದರೂ ಕಾಫಿ ಘಮ, ಬಾರ್ಲಿಯನ್ನು ಕಪ್ಪಾಗುವ ತನಕ ಹುರಿಯುವುದರಿಂದ. ಹಿಂದೆ ಲಂಡನ್ನಿನಲ್ಲಿ ಬಡವರು ಸ್ಟೌಟಿನ ಮೂಲವಾದ ಪೋರ್ಟರ್ ಜೊತೆ ಇದೇ ಚಿಪ್ಪಿನ ಮಾಂಸ ತಿನ್ನುತ್ತಿದ್ದರಂತೆ, ಆಗ ಅದು ಅಗ್ಗ. ಕಾರವಾರದ ಎದುರಿಗೆ ಸಮುದ್ರದಲ್ಲಿ ದೀಪಸ್ತಂಭ ಇರುವ ದ್ವೀಪಕ್ಕೂ ಇಂಗ್ಲಿಷಿನವರು ಆಯ್‌ಸ್ಟರ್ ರಾಕ್ ಅಂತ ಕಲ್ವಾದ ಹೆಸರನ್ನೇ ಇಟ್ಟಿದ್ದಾರೆ. ಸುಕ್ಕಾದ ಕಾಯಿತುರಿ ಸ್ವಲ್ಪ ಕೆಂಪಗೆ ಹುರಿದಿತ್ತು. ಆ ಹುರಿದ ವಾಸನೆಗೂ ಸ್ಟೌಟಿನ ಹುರಿದ ವಾಸನೆಗೂ ಎಷ್ಟು ಹೊಂದಿಕೆಯಾಯಿತು ಅಂದರೆ, ಎರಡು ಕ್ಯಾನ್ ಮುಗಿಯುವ ಮೊದಲೇ ಬಟ್ಟಲು ಖಾಲಿ. ಕಲ್ವಾದ ಸಿಹಿ, ಅದರೊಳಗಿನ ಸಮುದ್ರದ ಉಪ್ಪು, ಮೇಲೆ ಈ ಒಣ ಕಹಿ. ಆರರಲ್ಲಿ ಗೋಸೆ ನನಗೆ ಮೊದಲು, ಸ್ಟೌಟ್ ಎರಡನೆಯದು. ಭಾವ ಉಲ್ಟಾ ಹೇಳುತ್ತಾರೆ, ಅದರ ಮೇಲೆ ರಾತ್ರಿ ಹನ್ನೊಂದರ ತನಕ ವಾದ ಆಯಿತು.

ಬೆಳಿಗ್ಗೆ ಹೊರಡುವಾಗ ಉಳಿದ ಉಪ್ಪನ್ನು ಅಕ್ಕನಿಗೇ ಕೊಟ್ಟೆವು. ಅವರು ಅದನ್ನು ಭರಣಿಗೆ ಸುರಿದುಕೊಂಡರು. ದಾರಿಯಲ್ಲಿ ಮತ್ತೆ ಮಾರುಕಟ್ಟೆಗೆ ಇಳಿದು, ನಿನ್ನೆಯ ಅಕ್ಕನ ಹತ್ತಿರ ಇನ್ನೊಂದು ಡಬ್ಬ ಕಲ್ವಾ ಕೇಳಿದೆವು. ಇರಲಿಲ್ಲ. "ಅಮಾಸೆ ಹುಣ್ವಿಗೆ ನೀರು ಪೂರಾ ಇಳೀತದೆ ತಮಾ, ಕಲ್ಲು ಕಾಣ್ತದೆ. ಆಗ ಬನ್ನಿ" ಅಂದರು. ಭಾವ ಅಲ್ಲೇ ನಿಂತು ಮೊಬೈಲಿನಲ್ಲಿ ಮುಂದಿನ ಅಮಾವಾಸ್ಯೆ ಯಾವಾಗ ಅಂತ ಹುಡುಕಿ, ಆ ವಾರಕ್ಕೆ ರಜೆ ಕೇಳಿ ಮೆಸೇಜ್ ಹಾಕಿದರು.