ಅಮ್ಮನಿಗೆ ಹೇಳದ ಬೆಳೆ

ಫೋನ್ ಮಾಡಿದಾಗಲೆಲ್ಲ ಅಮ್ಮ ಕೇಳುವುದು ಒಂದೇ. "ಈಗ ಅಲ್ಲಿ ಏನಪ್ಪಾ ಬೆಳೆ?" ನಾನು "ಔಷಧಿ ಗಿಡ ಅಮ್ಮ" ಅನ್ನುತ್ತೇನೆ. ಸುಳ್ಳೇನಲ್ಲ, ಪೂರ್ತಿ ನಿಜವೂ ಅಲ್ಲ. "ತುಳಸಿ ಥರಾನಾ?" ಅಂದರೆ "ಹ್ಞೂಂ, ಹೆಚ್ಚುಕಮ್ಮಿ ಅಷ್ಟೇ ಎತ್ತರ" ಅಂದು ಮಾತು ಬದಲಿಸುತ್ತೇನೆ. ಆ ಎತ್ತರದ ಮಾತಂತೂ ಹಸಿ ಸುಳ್ಳು. ಬಿಟ್ಟರೆ ಅದು ಆಳೆತ್ತರ ದಾಟುತ್ತದೆ. ಬಿಡದೇ ಇರುವುದೇ ನನ್ನ ಕೆಲಸ.

ಬೆಳೆ ಗಾಂಜಾ. ಗಾಬರಿ ಬೇಡ. ಕೆನಡಾದಲ್ಲಿ 2018ರ ಅಕ್ಟೋಬರ್ 17ರಿಂದ ದೊಡ್ಡವರಿಗೆ ಇದು ಕಾನೂನಿನ ಒಳಗಿನ ವಸ್ತು. ನಾನಿರುವ ಆಂಟಾರಿಯೊದಲ್ಲಿ 19 ತುಂಬಿದವರು ಅಂಗಡಿಯಲ್ಲಿ ಕೊಳ್ಳಬಹುದು, ಮನೆಯೊಂದಕ್ಕೆ 4 ಗಿಡ ಬೆಳೆಸಬಹುದು. ಗಮನಿಸಿ, ತಲೆಗೆ ನಾಲ್ಕಲ್ಲ, ಮನೆಗೆ ನಾಲ್ಕು. ನಾನು ಸರ್ಕಾರದ ಲೈಸೆನ್ಸ್ ಇರುವ ಒಂದು ಕಂಪನಿಯಲ್ಲಿ ಗಿಡ ನೋಡಿಕೊಳ್ಳುವವನು. ನಮ್ಮೂರಲ್ಲಿ ಒಂದು ಗಿಡ ಹಿತ್ತಲಲ್ಲಿ ಹಾಕಿದರೂ 1985ರ ಎನ್‌ಡಿಪಿಎಸ್ ಕಾಯ್ದೆ (ಮಾದಕ ವಸ್ತುಗಳ ಕಾನೂನು) ಪ್ರಕಾರ ಪೊಲೀಸರು ಮನೆಗೆ ಬರುತ್ತಾರೆ. ಇಲ್ಲಿ ನನಗೆ ತಿಂಗಳ ಸಂಬಳ ಬರುತ್ತದೆ. ಅದನ್ನು ಅಮ್ಮನಿಗೆ ಹೇಗೆ ವಿವರಿಸುವುದು ಅಂತ ಇನ್ನೂ ಹೊಳೆದಿಲ್ಲ.

ಊರು ಲೀಮಿಂಗ್ಟನ್. ಕೆನಡಾದ ತೆಂಕಣ ತುದಿಗೆ, ಎರೀ ಸರೋವರದ ದಂಡೆಯಲ್ಲಿದೆ. ಸುತ್ತಲೂ ಗಾಜಿನ ಮನೆಗಳು. ಒಳಗೆ ಟೊಮೆಟೊ, ಸೌತೆಕಾಯಿ, ದೊಣ್ಣೆಮೆಣಸಿನಕಾಯಿ. ದುಡಿಯುವವರಲ್ಲಿ ಮೆಕ್ಸಿಕೊ, ಜಮೈಕಾದವರು ಜಾಸ್ತಿ. ಪೇಟೆಯಲ್ಲಿ ಇಡ್ಲಿ ಸಿಗುವುದಿಲ್ಲ, ಒಳ್ಳೇ ಟಾಕೊ ಸಿಗುತ್ತದೆ. ಚಳಿಗಾಲದಲ್ಲಿ ಮೋಡ ಕವಿದ ರಾತ್ರಿ ಆಕಾಶವೆಲ್ಲ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಗಾಜಿನ ಮನೆಗಳ ದೀಪ ಮೋಡಕ್ಕೆ ಹೊಡೆದ ಬಣ್ಣ ಅದು. ಮೊದಲ ಸಲ ನೋಡಿದಾಗ ಎಲ್ಲೋ ಬೆಂಕಿ ಬಿದ್ದಿದೆ ಅಂದುಕೊಂಡೆ. ಎರಡನೇ ಸಲ ನಮ್ಮೂರು ನೆನಪಾಯಿತು.

ನಾವು ಚಿಕ್ಕಬಳ್ಳಾಪುರದ ಕಡೆಯವರು. ಅಪ್ಪ ಸೇವಂತಿಗೆ ಬೆಳೆಯುತ್ತಿದ್ದರು. ನಮ್ಮ ಕಡೆ ರಾತ್ರಿ ಬಸ್ಸಲ್ಲಿ ಹೋದವರಿಗೆ ಗೊತ್ತು, ಹೊಲದ ತುಂಬ ಸಾಲಾಗಿ ಬಲ್ಬು ಉರಿಯುತ್ತಿರುತ್ತವೆ, ಜಾತ್ರೆ ಥರ. ಸೇವಂತಿಗೆಗೆ ರಾತ್ರಿ ಉದ್ದವಾದರೆ ಹೂ ಬಿಡುವ ಕಾಲ ಬಂತು ಅನಿಸಿಬಿಡುತ್ತದೆ. ಗಿಡ ಇನ್ನೂ ಮೊಣಕಾಲೆತ್ತರ ಇರುವಾಗಲೇ ಮೊಗ್ಗು ಕಟ್ಟಿದರೆ ನಷ್ಟ. ಅದಕ್ಕೇ ಬಲ್ಬು ಹಾಕಿ ರಾತ್ರಿಯನ್ನು ಮುರಿಯುವುದು. ಗಾಂಜಾದ್ದೂ ಇದೇ ಸ್ವಭಾವ. 18 ಗಂಟೆ ಬೆಳಕು, 6 ಗಂಟೆ ಕತ್ತಲೆ ಇಟ್ಟರೆ ಬರೀ ಎಲೆ, ಕೊಂಬೆ. ಗಡಿಯಾರ ತಿರುಗಿಸಿ 12 ಗಂಟೆ ಬೆಳಕು, 12 ಗಂಟೆ ಗಟ್ಟಿ ಕತ್ತಲೆ ಕೊಟ್ಟರೆ ಹೂವಿಗೆ ಹೊರಡುತ್ತದೆ. ಇಲ್ಲಿ ಇದಕ್ಕೆ ಫ್ಲಿಪ್ ಅನ್ನುತ್ತಾರೆ. ಅಪ್ಪ ಎತ್ತರ ಬರಲಿ ಅಂತ ದೀಪ ಹಾಕುತ್ತಿದ್ದರು. ನಾನು ಎತ್ತರ ಸಾಕು ಅಂತ ದೀಪ ಆರಿಸುತ್ತೇನೆ.

ಆದರೆ ಆರಿಸಿದ ಕೂಡಲೇ ಗಿಡ ನಿಲ್ಲುವುದಿಲ್ಲ, ತಮಾಷೆ ಇರುವುದೇ ಅಲ್ಲಿ. ಫ್ಲಿಪ್ ಆದ ಮೇಲೆ ಎರಡು ಮೂರು ವಾರ ಅದು ಹುಚ್ಚು ಹಿಡಿದ ಹಾಗೆ ಉದ್ದಕ್ಕೆ ಹೋಗುತ್ತದೆ. ಕೆಲವು ತಳಿ ಒಂದೂವರೆ ಪಟ್ಟು, ಹೆಚ್ಚಿನವು ಎರಡು ಪಟ್ಟು, ಸಟೈವಾ ಜಾತಿಯ ತೆಳ್ಳನೆ ಎಲೆಯವು ಮೂರು ಪಟ್ಟೂ ಆಗುತ್ತವೆ. ಆಮೇಲೆ ತಾನಾಗಿ ನಿಂತು ಹೂ ದಪ್ಪ ಮಾಡಿಕೊಳ್ಳುತ್ತದೆ. ಬಯಲಲ್ಲಾದರೆ ಪರವಾಗಿಲ್ಲ. ಚಾವಣಿ ಇರುವ ಕೋಣೆಯಲ್ಲಿ?

ಕಳೆದ ಚಳಿಗಾಲದಲ್ಲಿ ಪಕ್ಕದ ಮನೆ ಅಜ್ಜ ಬಾಗಿಲು ಬಡಿದರು. ಎಪ್ಪತ್ತರ ಮೇಲಿನವರು, ಮೊದಲು ಟ್ರಕ್ ಓಡಿಸುತ್ತಿದ್ದರು. "ನೀನು ಗಿಡದ ಡಾಕ್ಟರ್ ಅಲ್ವಾ? ಬಾ" ಅಂದರು. ಬೇಸ್‌ಮೆಂಟಲ್ಲಿ ಗಿಡ ಬೆಳೆಸುವ ಆರೂವರೆ ಅಡಿ ಎತ್ತರದ ಟೆಂಟ್, ಒಳಗೆ ನಾಲ್ಕು ಗಿಡ. ಝಿಪ್ ಎಳೆದರೆ ಮೇಲಿನ ಕುಡಿಗಳು ದೀಪಕ್ಕೆ ತಾಗಿ ಬೆಳ್ಳಗಾಗಿವೆ, ಬಿಸಿಲಿಗೆ ಬಿದ್ದ ಹಳೇ ಬಟ್ಟೆಯ ಬಣ್ಣ. ಕೆಳಗೆ ಗೆಣ್ಣಿಗೂ ಗೆಣ್ಣಿಗೂ ನಡುವೆ ನನ್ನ ಅಂಗೈಯಷ್ಟು ಅಂತರ.

"ಫ್ಲಿಪ್ ಮಾಡಿದಾಗ ಎಷ್ಟು ಎತ್ತರ ಇತ್ತು?"

ಅಜ್ಜ ಕೈಯನ್ನು ಸೊಂಟದ ಹತ್ತಿರ ಹಿಡಿದರು. ಮೂರಡಿ!

ಅವರ ವಿದ್ಯುತ್ ಬಿಲ್ಲಿನ ಹಿಂದೆಯೇ ಲೆಕ್ಕ ಬರೆದು ತೋರಿಸಿದೆ. ಟೆಂಟ್ ಆರೂವರೆ ಅಡಿ. ಕುಂಡಕ್ಕೆ ಒಂದಡಿ ಹೋಯಿತು. ದೀಪ, ಅದರ ಸರಪಳಿಗೆ ಅರ್ಧ ಅಡಿ. ದೀಪಕ್ಕೂ ಕುಡಿಗೂ ನಡುವೆ ಒಂದೂವರೆ ಅಡಿ ಗಾಳಿ. ಗಿಡಕ್ಕೆ ಉಳಿದದ್ದು ಮೂರೂವರೆ. ಎರಡು ಪಟ್ಟು ಆಗುವ ತಳಿಯಾದರೆ ಒಂದೂಮುಕ್ಕಾಲು ಅಡಿಯಲ್ಲೇ ಗಡಿಯಾರ ತಿರುಗಿಸಬೇಕಿತ್ತು. ಅಜ್ಜ ಬಿಲ್ಲನ್ನು ತಿರುಗಿಸಿ ಮೊತ್ತ ನೋಡಿ, ಮತ್ತೆ ತಿರುಗಿಸಿ ನನ್ನ ಲೆಕ್ಕ ನೋಡಿದರು. ಯಾವುದು ಜಾಸ್ತಿ ನೋವು ಕೊಟ್ಟಿತೋ ಗೊತ್ತಾಗಲಿಲ್ಲ.

ನಗುವ ಹಕ್ಕು ನನಗೂ ಇಲ್ಲ. ಕೆಲಸಕ್ಕೆ ಸೇರಿದ ಮೊದಲ ವರ್ಷ, ಮುಂದಿನ ಕೋಣೆ ಖಾಲಿ ಇಲ್ಲ ಅಂತ ನಾನೇ ಫ್ಲಿಪ್ ಒಂದು ವಾರ ತಡ ಮಾಡಿದ್ದೆ. ಒಂದು ವಾರ ತಾನೇ ಅಂದುಕೊಂಡೆ. ಗಿಡಗಳು ಆಸರೆಗೆ ಅಡ್ಡಲಾಗಿ ಕಟ್ಟಿದ ಎರಡನೇ ಬಲೆಯನ್ನೂ ತೂರಿಕೊಂಡು ದೀಪ ಮುಟ್ಟಿದವು. ಸಾಲುಗಟ್ಟಲೆ ತಲೆ ಸುಟ್ಟವು.

ಉದ್ದ ಆಗುವುದಕ್ಕೆ ಫ್ಲಿಪ್ ಒಂದೇ ಕಾರಣ ಅಲ್ಲ. ಅಜ್ಜನ ನಾಲ್ಕು ಕುಂಡ ಒಂದಕ್ಕೊಂದು ಒತ್ತಿಕೊಂಡಿದ್ದವು. ಎಲೆ ಕೆಂಪು ಬೆಳಕನ್ನು ನುಂಗಿ, ನಮ್ಮ ಕಣ್ಣಿಗೆ ಅಷ್ಟಾಗಿ ಕಾಣದ ಫಾರ್ ರೆಡ್ ಬೆಳಕನ್ನು ಆಚೆ ಬಿಡುತ್ತದೆ. ಪಕ್ಕದ ಗಿಡಕ್ಕೆ ಅದು ಹೆಚ್ಚು ಸಿಕ್ಕಿದರೆ ಯಾರೋ ನನ್ನ ಮೇಲೆ ನೆರಳು ಹಾಕುತ್ತಿದ್ದಾರೆ ಅಂತ ಕತ್ತು ಉದ್ದ ಮಾಡುತ್ತದೆ. ಬೆಳಕು ಕಮ್ಮಿಯಾದರೂ ಅದೇ ಕಥೆ. ಇನ್ನೊಂದು, ಹಗಲು ತುಂಬ ಬಿಸಿ, ರಾತ್ರಿ ತುಂಬ ತಂಪು. ಈ ಅಂತರ ಹೆಚ್ಚಿದಷ್ಟೂ ಗೆಣ್ಣು ದೂರವಾಗುತ್ತವೆ. ಬೇಸ್‌ಮೆಂಟ್ ರಾತ್ರಿ ಹೇಗಿರುತ್ತದೆ ಅಂತ ಇಲ್ಲಿರುವ ಕನ್ನಡಿಗರಿಗೆ ಹೇಳಬೇಕಾಗಿಲ್ಲ. ನಾವು ಕಂಪನಿಯಲ್ಲಿ ಹಗಲು ರಾತ್ರಿ ಎರಡನ್ನೂ ಹತ್ತಿರ ಹತ್ತಿರ ಇಡುತ್ತೇವೆ, ಬೆಳಗ್ಗೆ ದೀಪ ಹತ್ತಿದ ಮೊದಲ ಒಂದೆರಡು ಗಂಟೆ ಇನ್ನೂ ಸ್ವಲ್ಪ ತಂಪಾಗಿಡುತ್ತೇವೆ.

ಗಿಡದೊಳಗೆ ಈ ಉದ್ದದ ಕೆಲಸ ಮಾಡುವುದು ಜಿಬ್ಬರೆಲಿನ್ ಅನ್ನುವ ಹಾರ್ಮೋನು. ಹೌದು, ವಿಜಯಪುರದ ದ್ರಾಕ್ಷಿ ರೈತರು ಗೊನೆ ಅದ್ದುವ ಅದೇ ಜಿಎ. ಅವರಿಗೆ ಅದು ಬೇಕು, ನಮಗೆ ಬೇಡ. ಅದನ್ನು ತಡೆಯುವ ಔಷಧಿಯೂ ಇದೆ, ಪ್ಯಾಕ್ಲೋಬ್ಯುಟ್ರಜಾಲ್, ಮಾವಿನ ಬುಡಕ್ಕೆ ಹಾಕುತ್ತಾರಲ್ಲ ಅದೇ. ಅಜ್ಜ ಎಲ್ಲೋ ಓದಿಕೊಂಡು ಅದರ ಮಾತೆತ್ತಿದರು. ಬೇಡವೇ ಬೇಡ ಅಂದೆ. ಈ ಬೆಳೆಗೆ ಇಲ್ಲಿ ಅದರ ಅನುಮತಿ ಇಲ್ಲ. ಸುಟ್ಟು ಹೊಗೆ ಎಳೆದುಕೊಳ್ಳುವ ಹೂವಿಗೆ ಅದನ್ನು ಹಾಕುವುದು ನನಗಂತೂ ಸುತರಾಂ ಇಷ್ಟವಿಲ್ಲ.

ಉಳಿದದ್ದು ಬಗ್ಗಿಸುವುದು. ಹೆಬ್ಬೆರಳು ತೋರುಬೆರಳ ನಡುವೆ ಕಾಂಡ ಹಿಡಿದು ಮೆಲ್ಲಗೆ ಹಿಸುಕುತ್ತಾ ಉರುಳಿಸಬೇಕು. ಒಳಗೆ ಏನೋ ಸೋತ ಹಾಗೆ ಬೆರಳಿಗೆ ಗೊತ್ತಾಗುತ್ತದೆ, ಸಿಪ್ಪೆ ಹರಿಯಬಾರದು. ಆಗ ಅಡ್ಡಕ್ಕೆ ಮಲಗಿಸಿ ಮೆತ್ತನೆ ತಂತಿಯಿಂದ ಕುಂಡದ ಅಂಚಿಗೆ ಕಟ್ಟಿದರಾಯಿತು. ಮೊದಲನೇದು ನಾನು ಮಾಡಿದೆ. ಎರಡನೇದು ಅಜ್ಜ ಮಾಡಿದರು, ಲಟಕ್ ಅಂತು. ಟೇಪ್ ಸುತ್ತಿದೆವು. ನನ್ನ ಬೆರಳಿಗೆ ಅಂಟಿದ ರಾಳ ಸೋಪಿಗೆ ಹೋಗಲಿಲ್ಲ, ಕೊಬ್ಬರಿ ಎಣ್ಣೆಗೆ ಹೋಯಿತು. ಮನೆಗೆ ಬಂದರೆ ಹೆಂಡತಿ ಮೂಗು ಹಿಡಿದು "ಭಾನುವಾರವೂ ಇದೇನಾ?" ಅಂತ ಜಾಕೆಟ್ಟನ್ನು ಗ್ಯಾರೇಜಿಗೆ ಎಸೆದಳು.

ನಾಲ್ಕು ದಿನ ಬಿಟ್ಟು ಹೋದರೆ ಮಲಗಿದ ಕುಡಿಗಳೆಲ್ಲ ತಲೆ ಎತ್ತಿದ್ದವು. ಬಗ್ಗಿಸಿದ ಕಡೆ ಕಾಂಡ ಗಂಟು ಕಟ್ಟಿತ್ತು. ಟೇಪ್ ಸುತ್ತಿದ್ದೂ ಬದುಕಿತ್ತು. "ರಾತ್ರಿ ಟಾರ್ಚ್ ಹಾಕಿ ಆಗಾಗ ನೋಡ್ತಾ ಇದ್ದೆ" ಅಂದರು ಅಜ್ಜ ಹೆಮ್ಮೆಯಿಂದ. ತಲೆ ಚಚ್ಚಿಕೊಂಡೆ. ಕತ್ತಲಲ್ಲಿ ಬೆಳಕು ಬಿದ್ದರೆ ಗಿಡ ಗೊಂದಲಕ್ಕೆ ಬೀಳುತ್ತದೆ. ಚಿಕ್ಕಬಳ್ಳಾಪುರದ ಬಲ್ಬಿನ ಕಥೆ ಹೇಳಿದೆ. ಅವರಿಗೆ ಎಷ್ಟು ಹಿಡಿಸಿತು ಅಂದರೆ ಹೂವಿನ ಹೊಲದ ಫೋಟೊ ಬೇಕು ಅಂದರು.

ಫೋಟೊಗೆ ಅಮ್ಮನಿಗೇ ಹೇಳಬೇಕಾಯಿತು. ಕಳಿಸಿದರು, ಜೊತೆಗೆ ದೂರು. ಈ ಸಲ ಸೇವಂತಿಗೆ ಉದ್ದ ಹೋಗಿ ಗಾಳಿಗೆ ಬಿದ್ದಿದೆಯಂತೆ.

"ಕುಡಿ ಚಿವುಟೋದು ತಡ ಆಯ್ತಾ ಅಮ್ಮ?" ಅಂದೆ.

"ಆಳು ಸಿಗಲಿಲ್ಲ ಕಣೋ." ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು, "ನಿಮ್ಮ ಔಷಧಿ ಗಿಡಕ್ಕೂ ಚಿವುಟ್ತೀರಾ?"

"ಹ್ಞೂಂ, ಚಿವುಟ್ತೀವಿ. ಐದಾರು ಗೆಣ್ಣು ಬಂದ ತಕ್ಷಣ."

"ಅಷ್ಟು ಬೇಗಾನಾ?" ಅಂದರು ಅಮ್ಮ. "ಅದ್ಯಾವ ಗಿಡಾನೋ."